ಮೂರು ತಾಲ್ಲೂಕಿನ ದಾರಿ, ಐದು ಟೈರು

ಕಲಬುರಗಿ ಜಿಲ್ಲೆಯಲ್ಲಿ ಕೃಷಿ ಇಲಾಖೆಯ ನೌಕರಿ ಮಾಡಿದವರು ನೆಲವನ್ನು ಎರಡು ಸಲ ಓದಬೇಕಾಗುತ್ತದೆ. ಮೊದಲನೆಯದು ಬೆಳೆಗಾಗಿ: ಎರೆಯೋ ಮಸಾರಿಯೋ, ಎಷ್ಟು ಆಳ, ಎಷ್ಟು ಹಸಿ. ಎರಡನೆಯದು ಆ ಬೆಳೆಯ ಹತ್ತಿರ ಹೋಗಿ ಮುಟ್ಟುವುದಕ್ಕಾಗಿ: ದಾರಿ ಖಡಿಯದೋ ಮುರುಮಿನದೋ, ಮಳೆ ಬಿದ್ದರೆ ಗಾಡಿ ಹೋದೀತೋ ಹೂತೀತೋ, ಬದುವಿನ ಜಾಲಿಮುಳ್ಳು ದಾರಿಗೆ ಬಿದ್ದಿದೆಯೋ ಹೇಗೆ. ಮೊದಲ ಓದನ್ನು ನನಗೆ ಧಾರವಾಡದ ಕೃಷಿ ಕಾಲೇಜು ಕಲಿಸಿತು. ಎರಡನೆಯದನ್ನು ಕಲಿಸಿದ್ದು ಆಳಂದ, ಜೇವರ್ಗಿ, ಅಫಜಲಪುರದ ರಸ್ತೆಗಳು ಮತ್ತು ಆ ರಸ್ತೆಗಳ ಮೇಲೆ ಸವೆದುಹೋದ ಟೈರುಗಳು.

ತೊಗರಿಗೆ ಗೊಡ್ಡುರೋಗ ಬಂದಿದೆ, ಕಡಲೆಗೆ ಕೀಡೆ ಬಿದ್ದಿದೆ, ಬೀಜ ಮೊಳಕೆ ಒಡೆದಿಲ್ಲ ಎಂದು ಕರೆ ಬಂದಾಗ ಹೊರಡುವುದು ನಮ್ಮ ಕೆಲಸ. ಹೊಲದಲ್ಲಿ ಏನು ನೋಡಿದೆವು ಎಂಬುದು ದಾಖಲೆಯಲ್ಲಿ ಉಳಿಯುತ್ತಿತ್ತು. ಅಲ್ಲಿಗೆ ಹೇಗೆ ಹೋಗಿ ಹೇಗೆ ತಿರುಗಿ ಬಂದೆವು ಎಂಬುದನ್ನು ಯಾರೂ ಬರೆಯುತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಆ ದಾಖಲಾಗದ ಭಾಗವೇ ಹೆಚ್ಚು ನೆನಪಾಗುತ್ತಿದೆ. ಕಾರು ಎಷ್ಟೇ ದೊಡ್ಡದಿರಲಿ, ಅದು ನೆಲಕ್ಕೆ ತಾಗುವುದು ನಾಲ್ಕು ಕಡೆ ಮಾತ್ರ. ಒಂದೊಂದು ಕಡೆ ಹೆಚ್ಚುಕಡಿಮೆ ಅಂಗೈ ಅಗಲದಷ್ಟು. ಬ್ರೇಕು, ಸ್ಟೀರಿಂಗು, ಎಂಜಿನ್ನಿನ ಶಕ್ತಿ ಎಲ್ಲವೂ ಕೊನೆಗೆ ಆ ನಾಲ್ಕು ಅಂಗೈ ರಬ್ಬರಿನ ಮೂಲಕವೇ ನೆಲವನ್ನು ಮುಟ್ಟಬೇಕು. ನಮ್ಮ ಜೀವ ಕೂಡ ಅಲ್ಲೇ ನಿಂತಿರುತ್ತದೆ.

ನನ್ನ ಮೊದಲ ದೊಡ್ಡ ಪೋಸ್ಟಿಂಗು ಆಳಂದ, ತೊಂಬತ್ತರ ದಶಕದಲ್ಲಿ. ಇಲಾಖೆಗೆ ಒಂದು ಮಹೀಂದ್ರ ಜೀಪಿತ್ತು. ಅದನ್ನು ಓಡಿಸುತ್ತಿದ್ದವರು ನಮ್ಮ ತಂದೆಯ ವಯಸ್ಸಿನವರು. ಕಚೇರಿಯಲ್ಲಿ ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು. ನಾನು ಹೊಸದಾಗಿ ಬಂದ ಹೆಣ್ಣು ಅಧಿಕಾರಿ ಎಂದು ಅವರು ನನ್ನನ್ನು ಅಕ್ಕಾರ ಅನ್ನುತ್ತಿದ್ದರು. ಬೆಳಿಗ್ಗೆ ಜೀಪಿನ ಸುತ್ತ ಒಂದು ಸುತ್ತು ಬರದೆ ಅವರು ಚಾವಿ ತಿರುಗಿಸುತ್ತಿರಲಿಲ್ಲ. ಪ್ರತಿ ಟೈರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಹಲ್ಲುಗಳ ನಡುವೆ ಸಿಕ್ಕಿದ ಖಡಿಯನ್ನು ಸ್ಕ್ರೂಡ್ರೈವರಿನಿಂದ ಕಿತ್ತು, ಬದಿಯ ಮೇಲೆ ಅಂಗೈ ಆಡಿಸುತ್ತಿದ್ದರು. ಸ್ಪಾನರಿನಿಂದ ಒಂದೊಂದಕ್ಕೂ ಒಂದೊಂದು ಏಟು ಹಾಕಿ ದನಿ ಕೇಳುತ್ತಿದ್ದರು. ಹವಾ ತುಂಬಿದ ಟೈರು ಏಟಿಗೆ ಮರುದನಿ ಕೊಡುತ್ತದೆ, ಇಳಿದದ್ದು ಮೊದ್ದಾಗಿ ಡಬ್ ಎನ್ನುತ್ತದೆ. ಕೊನೆಗೆ ಹಿಂದೆ ಹೋಗಿ ಸ್ಟೆಪ್ನಿಗೂ ಒಂದು ಏಟು.

ಒಂದು ದಿನ ಖಜೂರಿ ಕಡೆ ಹೊರಡುವುದು ತಡವಾಗಿತ್ತು. ಲಗೂನ ಹೊರಡೋಣ ಕಾಕಾ, ನಿನ್ನೆಯಷ್ಟೇ ನೋಡಿದ್ದೀರಲ್ಲ ಎಂದೆ. ಅವರು ಎದ್ದು ನಿಲ್ಲದೆಯೇ ಹೇಳಿದರು: “ಗಾಡ್ಯಾಗ ಕುಂತವರು ಟೈರ್ ನೋಡಿ ಕುಂತಿರಂಗಿಲ್ರಿ ಅಕ್ಕಾರ, ನಮ್ಮ ಮಾರಿ ನೋಡಿ ಕುಂತಿರ್ತಾರ. ಟೈರ್ ನೋಡೋದು ನಮ್ಮ ಕೆಲಸ.” ಈ ಮಾತನ್ನು ನಾನು ಆಮೇಲೆ ಎಷ್ಟೋ ಸಲ, ಎಷ್ಟೋ ಜಾಗದಲ್ಲಿ ನೆನೆದಿದ್ದೇನೆ. ಟೈರು ಆರಿಸುವವರು ಒಬ್ಬರು, ಅದರ ಮೇಲೆ ಕೂತು ಹೋಗುವವರು ಹಲವರು. ಆರಿಸುವವರ ಮೇಲಿನ ನಂಬಿಕೆಯಿಂದ ಮಾತ್ರ ಉಳಿದವರು ಹತ್ತುತ್ತಾರೆ.

ಆಳಂದದ ನೆಲ ಟೈರಿನ ಚರ್ಮವನ್ನು ಪರೀಕ್ಷಿಸುವ ನೆಲ. ದಖ್ಖನಿನ ಕರಿಕಲ್ಲು ಅಲ್ಲಿ ಎಲ್ಲೆಲ್ಲೂ ಮೇಲೆದ್ದು ನಿಂತಿದೆ. ರಸ್ತೆಗೆ ಹಾಕುವ ಖಡಿಯೂ ಅದೇ ಕಲ್ಲಿನದು. ಒಡೆದರೆ ಅಂಚು ಚಾಕುವಿನಷ್ಟು ಹರಿತ. ನಿಂಬರ್ಗಾ, ಮಾದನ ಹಿಪ್ಪರಗಾದ ಕಡೆ ಎಷ್ಟೋ ರಸ್ತೆಗಳಿಗೆ ಖಡಿ ಹಾಸಿ ರೋಲರ್ ಹೊಡೆದು, ಡಾಂಬರಿಗಾಗಿ ಒಂದು ಮಳೆಗಾಲವೇ ಕಾಯುತ್ತಿದ್ದ ಕಾಲ ಅದು. ಅಂಥ ದಾರಿಯಲ್ಲಿ ಟೈರು ಕೆಡುವುದು ನೆಲಕ್ಕೆ ತಾಗುವ ಭಾಗದಿಂದ ಅಲ್ಲ, ಪಕ್ಕದಿಂದ. ನೆಲಕ್ಕೆ ತಾಗುವ ಕಡೆ ರಬ್ಬರು ದಪ್ಪ ಇರುತ್ತದೆ. ಬದಿಯ ಗೋಡೆ ಮಾತ್ರ ಬಾಗಿ ಬಳುಕಬೇಕಾದ್ದರಿಂದ ತೆಳು. ರಸ್ತೆಯಂಚಿನ ಒಂದು ಚೂಪುಗಲ್ಲು ಬದಿಯನ್ನು ಸೀಳಿದರೆ ಆ ಟೈರಿನ ಕತೆ ಮುಗಿದಂತೆಯೇ. ಬದಿಗೆ ಬಿದ್ದ ಸೀಳನ್ನು ಬತ್ತಿ ತೂರಿಸಿಯೋ ತೇಪೆ ಹಚ್ಚಿಯೋ ಓಡಿಸುವಂತಿಲ್ಲ. ಎದುರು ಗಾಡಿಗೆ ದಾರಿ ಬಿಡುವಾಗ ಕಾಕಾ ಎಷ್ಟು ನಿಧಾನವಾಗಿ ಅಂಚಿಗೆ ಇಳಿಯುತ್ತಿದ್ದರು ಎಂಬುದಕ್ಕೆ ಅದೇ ಕಾರಣ.

ಕಲ್ಲಿನ ನಂತರ ಮುಳ್ಳು. ಬಳ್ಳಾರಿ ಜಾಲಿ ನಮ್ಮ ಹಳ್ಳ, ಬದು, ಗಾಂವಠಾಣ ಎಲ್ಲವನ್ನೂ ಆವರಿಸಿದೆ. ಹೊಲಕ್ಕೆ ಬೇಲಿಯಾಗಿ ಕಡಿದು ಹಾಕಿದ ಕಂಟಿ ಗಾಳಿಗೆ ಹಾರಿ ದಾರಿಗೆ ಬರುತ್ತದೆ. ಡಿಸೆಂಬರ್ ಮುಗಿಯುತ್ತ ಬಂದಂತೆ ತೊಗರಿ ಕೊಯ್ಲು. ಕುಡುಗೋಲಿನಿಂದ ಓರೆಯಾಗಿ ಕತ್ತರಿಸಿದ ತೊಗರಿಯ ಬುಡ ನೆಲದಲ್ಲಿ ಹಾಗೇ ನಿಂತಿರುತ್ತದೆ. ಒಣಗಿದ ಮೇಲೆ ಅದು ಮೊಳೆಗಿಂತ ಕಡೆಯಲ್ಲ. ಟ್ರ್ಯಾಕ್ಟರಿನ ಟೈರನ್ನೂ ಚುಚ್ಚುತ್ತದೆ. ರಾಶಿ ನೋಡಲು ನೇರ ಹೊಲಕ್ಕೇ ಗಾಡಿ ಇಳಿಸಬೇಡಿ, ಬದುವಿನ ಮೇಲೆ ನಿಲ್ಲಿಸಿ ನಡೆದು ಹೋಗಿ ಎಂದು ಹೊಸದಾಗಿ ಸೇರಿದವರಿಗೆ ನಾನು ಹೇಳುತ್ತಿದ್ದುದು ಇದೇ ಕಾರಣಕ್ಕೆ.

ಆಳಂದದಲ್ಲಿ ನಾವು ಹೋಗುತ್ತಿದ್ದ ಪಂಚರ್ ಅಂಗಡಿಯ ಚಾಚಾ ಮುಳ್ಳಿನ ವಿಷಯದಲ್ಲಿ ವೈದ್ಯರಿದ್ದ ಹಾಗೆ. ಆಗ ಟ್ಯೂಬಿನ ಟೈರುಗಳು. ಟ್ಯೂಬನ್ನು ಹೊರಗೆಳೆದು, ಹವಾ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುವುದು ಎಲ್ಲರೂ ಮಾಡುವ ಕೆಲಸ. ಚಾಚಾ ಅದಕ್ಕೆ ಮೊದಲೇ ಟೈರಿನ ಒಳಮೈಗೆ ಒಂದು ಹಳೆಯ ಬಟ್ಟೆ ಹಿಡಿದು ಸುತ್ತಲೂ ಎಳೆಯುತ್ತಿದ್ದರು. ಬಟ್ಟೆ ಎಲ್ಲಿ ಸಿಕ್ಕಿತೋ ಅಲ್ಲಿ ಮುಳ್ಳಿನ ತುದಿ. “ಟ್ಯೂಬ್ ಹಚ್ಚೋದು ದೊಡ್ಡ ಮಾತಲ್ಲ ಬೇಟಿ. ಒಳಗ ಮುಳ್ಳ ಉಳೀತಂದ್ರ ನಾಳಿ ಮತ್ತ ನನ್ನ ಹಂತ್ಯಾಕ ಬರ್ತೀರಿ” ಎನ್ನುತ್ತಿದ್ದರು. ಮತ್ತೆ ಬಂದರೆ ಅವರಿಗೆ ದುಡ್ಡು. ಆದರೂ ಮತ್ತೆ ಬರಬಾರದೆಂದು ಅವರು ಕೆಲಸ ಮಾಡುತ್ತಿದ್ದರು. ಸ್ಟೆಪ್ನಿ ಬದಲಿಸುವುದನ್ನು ನನಗೆ ಕಲಿಸಿದವರೂ ಅವರೇ: ಜಾಕ್ ಏರಿಸುವ ಮೊದಲೇ ನಟ್ ಸಡಿಲಿಸಬೇಕು, ಎರೆ ನೆಲವಾದರೆ ಜಾಕಿನ ಕೆಳಗೆ ಹಲಗೆ ಇಡಬೇಕು, ನಟ್‌ಗಳನ್ನು ಒಂದರ ಪಕ್ಕ ಒಂದಲ್ಲ, ಎದುರುಬದುರಾಗಿ ಬಿಗಿಯಬೇಕು.

ಆ ಜೀಪಿಗೆ ಹಾಕುತ್ತಿದ್ದುದು 6.00-16 ಅಳತೆಯ ಹಳೆಯ ತರದ ಟೈರು. ಒಳಗಿನ ನೂಲುಗಳು ಒಂದರ ಮೇಲೊಂದು ಓರೆಯಾಗಿ ಹಾಯ್ದು ಹೆಣೆದವು. ಗಟ್ಟಿ, ಆದರೆ ಬೇಗ ಬಿಸಿಯಾಗುತ್ತಿದ್ದವು. ರೇಡಿಯಲ್ ಟೈರಿನಲ್ಲಿ ನೂಲುಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹಾಯುತ್ತವೆ, ನೆಲಕ್ಕೆ ತಾಗುವ ಕಡೆ ಉಕ್ಕಿನ ಪಟ್ಟಿ ಇರುತ್ತದೆ. ಫ್ರಾನ್ಸಿನ ಮಿಶೆಲಿನ್ ಕಂಪನಿ 1946ರಲ್ಲಿ ಇದಕ್ಕೆ ಪೇಟೆಂಟ್ ಪಡೆಯಿತು. ನಮ್ಮ ದೇಶದಲ್ಲಿ ಜೆಕೆ ಟೈರ್ 1977ರಲ್ಲಿ ರೇಡಿಯಲ್ ತಂದಿತು. ಕರ್ನಾಟಕದವರಾದ ನಮಗೆ ಪರಿಚಯದ ಹೆಸರು ಮೈಸೂರಿನ ವಿಕ್ರಾಂತ್. ಅದನ್ನು ಜೆಕೆ ತನ್ನದಾಗಿಸಿಕೊಂಡದ್ದು 1997ರಲ್ಲಿ. ರೇಡಿಯಲ್ ಟೈರು ಬಿಸಿ ಕಡಿಮೆ ಹಿಡಿಯುತ್ತದೆ, ನೆಲವನ್ನು ಸಮವಾಗಿ ಹಿಡಿಯುತ್ತದೆ, ಹೆಚ್ಚು ಬಾಳುತ್ತದೆ. ಆದರೆ ಅದರ ಬದಿ ಇನ್ನೂ ಮೆದು. ಕರಿಕಲ್ಲಿನ ಅಂಚಿನಲ್ಲಿ ಅದನ್ನು ಹೆಚ್ಚು ಜೋಪಾನ ಮಾಡಬೇಕು. ಒಂದೇ ಆಕ್ಸಲಿಗೆ ಒಂದು ಕಡೆ ರೇಡಿಯಲ್, ಇನ್ನೊಂದು ಕಡೆ ಹಳೆಯ ತರದ್ದು ಹಾಕಲೇಬಾರದು. ತಿರುವಿನಲ್ಲಿ ಎರಡರ ವರ್ತನೆ ಬೇರೆಬೇರೆ.

ಎರಡು ಸಾವಿರದ ಈಚೆ ನನಗೆ ಜೇವರ್ಗಿಗೆ ವರ್ಗವಾಯಿತು. ರೈತ ಸಂಪರ್ಕ ಕೇಂದ್ರಗಳು ಶುರುವಾಗಿದ್ದ ಕಾಲ. ಅಷ್ಟೊತ್ತಿಗೆ ನಾನೇ ಒಂದು ಮಾರುತಿ 800 ಕೊಂಡಿದ್ದೆ. 145/70 ಆರ್ 12, ಕೈಚೀಲದಷ್ಟು ಸಣ್ಣ ಟೈರು. ಕಲಬುರಗಿಯಿಂದ ಕಟ್ಟಿಸಂಗಾವಿಯ ಹತ್ತಿರ ಭೀಮೆಯನ್ನು ದಾಟಿ ಜೇವರ್ಗಿಗೆ ಬಂದು, ನೆಲೋಗಿಯ ಮೇಲೆ ಸಿಂದಗಿ, ವಿಜಯಪುರದ ಕಡೆ ಹೋಗುವ ಹೆದ್ದಾರಿ ಆಗ 218ನೇ ನಂಬರಿನದು, ಈಗ 50. ಜೇವರ್ಗಿಯಿಂದಲೇ ಶಹಾಪುರ, ಸುರಪುರದ ಕಡೆ ಇನ್ನೊಂದು ದೊಡ್ಡ ದಾರಿ ಒಡೆಯುತ್ತದೆ. ಕಣ್ಣು ಹಾಯುವಷ್ಟು ದೂರ ನೆರಳಿಲ್ಲದ ಬಯಲು. ಆಳಂದದಲ್ಲಿ ಶತ್ರು ಕಲ್ಲು ಮುಳ್ಳುಗಳಾಗಿದ್ದರೆ ಇಲ್ಲಿ ಬಿಸಿಲು, ವೇಗ, ಭಾರ.

ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 42, 43 ಡಿಗ್ರಿ ಸಾಮಾನ್ಯ. ಮಧ್ಯಾಹ್ನದ ಡಾಂಬರು 60 ಡಿಗ್ರಿಯನ್ನೂ ದಾಟುತ್ತದೆ. ಹೀಗಾಗಿ ಬ್ಯಾಸಿಗಿಯಲ್ಲಿ ಹವಾ ಕಡಿಮೆ ಹಾಕಿಸಬೇಕು, ಇಲ್ಲದಿದ್ದರೆ ಟೈರು ಒಡೆಯುತ್ತದೆ ಎಂಬ ನಂಬಿಕೆ ನಮ್ಮ ಮೂರೂ ತಾಲ್ಲೂಕಿನಲ್ಲಿ ಬೇರುಬಿಟ್ಟಿದೆ. ಇದಕ್ಕಿಂತ ಅಪಾಯದ ನಂಬಿಕೆ ಇನ್ನೊಂದಿಲ್ಲ. ಬಿಸಿಗೆ ಹವಾ ಹಿಗ್ಗುವುದು ನಿಜ. 10 ಡಿಗ್ರಿ ಏರಿದರೆ ಕಾರಿನ ಟೈರಿನಲ್ಲಿ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ, ಅಷ್ಟೇ. ಸುಸ್ಥಿತಿಯ ಟೈರು ಅದಕ್ಕಿಂತ ಎಷ್ಟೋ ಹೆಚ್ಚಿನ ಒತ್ತಡ ತಡೆಯುವಂತೆ ತಯಾರಾಗಿರುತ್ತದೆ. ಕೊಲ್ಲುವುದು ಹವಾ ಹೆಚ್ಚಾದದ್ದಲ್ಲ, ಕಡಿಮೆಯಾದದ್ದು. ಹವಾ ಕಡಿಮೆ ಇದ್ದರೆ ಟೈರಿನ ಬದಿ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತದೆ. ಕಬ್ಬಿಣದ ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತ ಹೋದರೆ ಬೆರಳಿಗೆ ಬಿಸಿ ತಾಗಿ ಕೊನೆಗೆ ಅದು ತುಂಡಾಗುತ್ತದಲ್ಲ, ಒಳಗಿನ ನೂಲಿಗೆ ಆಗುವುದೂ ಅದೇ. ಅದರ ಮೇಲೆ ಬಿಸಿಲು, ಅದರ ಮೇಲೆ ವೇಗ, ಅದರ ಮೇಲೆ ಹಿಂದಿನ ಸೀಟಿನಲ್ಲಿ ನಾಲ್ಕು ಜನ, ಡಿಕ್ಕಿಯಲ್ಲಿ ಜೋಳದ ಚೀಲ. ಟೈರು ಸಿಡಿಯುವುದು ಹೀಗೆ.

ಸರಿಯಾದ ಲೆಕ್ಕ ಕಾರಿನ ಬಾಗಿಲ ಕಂಬಕ್ಕೆ ಅಂಟಿಸಿದ ಚೀಟಿಯಲ್ಲೇ ಇರುತ್ತದೆ. ಕಡಿಮೆ ಜನ ಇದ್ದಾಗ ಎಷ್ಟು, ತುಂಬಿದಾಗ ಎಷ್ಟು ಎಂದು ಮುಂದಿನ ಹಿಂದಿನ ಗಾಲಿಗೆ ಬೇರೆಬೇರೆಯಾಗಿ ಬರೆದಿರುತ್ತಾರೆ. ಟೈರಿನ ಬದಿಯಲ್ಲಿ ಅಚ್ಚು ಹಾಕಿದ ಗರಿಷ್ಠ ಒತ್ತಡ ಟೈರು ತಡೆಯುವ ಮಿತಿ. ಹಾಕಿಸಬೇಕಾದ ಲೆಕ್ಕ ಅದಲ್ಲ. ಹವಾ ನೋಡುವುದು ಬೆಳಗಿನ ಹೊತ್ತು, ಗಾಡಿ ಓಡುವ ಮೊದಲು. ಓಡಿ ಬಿಸಿಯಾದ ಟೈರಿನಿಂದ ಹವಾ ಬಿಟ್ಟರೆ ತಣ್ಣಗಾದ ಮೇಲೆ ಅದು ಕೊರತೆಯಲ್ಲಿರುತ್ತದೆ. ನನ್ನ ಕಾರಿನಲ್ಲಿ ಒಂದು ಸಣ್ಣ ಮೀಟರು ಯಾವಾಗಲೂ ಇರುತ್ತಿತ್ತು. ಹದಿನೈದು ದಿನಕ್ಕೊಮ್ಮೆ, ದೂರದ ಪ್ರಯಾಣಕ್ಕೆ ಮುನ್ನ ತಪ್ಪದೆ, ನಾಲ್ಕಕ್ಕೂ ಸ್ಟೆಪ್ನಿಗೂ ಹಿಡಿದು ನೋಡುತ್ತಿದ್ದೆ. ನೈಟ್ರೋಜನ್ ಹಾಕಿಸಬೇಕೇ ಎಂದು ಬಹಳ ಜನ ಕೇಳುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲೇ 78 ಭಾಗ ನೈಟ್ರೋಜನ್ ಇದೆ. ಹಾಕಿಸಿದರೆ ನಷ್ಟವಿಲ್ಲ, ಆದರೆ ನೈಟ್ರೋಜನ್ ಹಾಕಿಸಿದ್ದೇವೆಂದು ಮೂರು ತಿಂಗಳು ಮೀಟರು ಹಿಡಿಯದಿದ್ದರೆ ನಷ್ಟವೇ.

ಜೇವರ್ಗಿಯ ದಿನಗಳಲ್ಲಿ ಕಂಡ ಒಂದು ಅಪಘಾತ ನನ್ನನ್ನು ಬಿಟ್ಟು ಹೋಗಿಲ್ಲ. ನಮ್ಮ ಸಹೋದ್ಯೋಗಿಯೊಬ್ಬರು ಹಳೆಯದೊಂದು ಕಾರು ಕೊಂಡಿದ್ದರು. ಹೆಚ್ಚು ಓಡದ ಕಾರು, ಟೈರಿನ ಹಲ್ಲು ಹೊಸದರಂತೆ ತುಂಬಿತ್ತು. ತಾಯಿ, ಹೆಂಡತಿ, ಮಕ್ಕಳನ್ನು ಕೂರಿಸಿಕೊಂಡು ಮೇ ತಿಂಗಳ ಮಧ್ಯಾಹ್ನ ಸಿಂದಗಿ ಕಡೆಯಿಂದ ಬರುತ್ತಿದ್ದಾಗ ನೆಲೋಗಿಯ ಆಚೆ ಹಿಂದಿನ ಎಡ ಟೈರು ಸಿಡಿಯಿತು. ಕಾರು ಅಡ್ಡ ತಿರುಗಿ ಹೊಲಕ್ಕೆ ನುಗ್ಗಿ ಬದುವಿಗೆ ತಾಗಿ ನಿಂತಿತು. ತಾಯಿಯ ಕೈ ಮುರಿದಿತ್ತು, ಉಳಿದವರು ತರಚುಗಾಯದಲ್ಲಿ ಪಾರಾಗಿದ್ದರು. ಸುದ್ದಿ ತಿಳಿದು ಹೋದ ನಾನು ಆ ಟೈರನ್ನು ನೋಡಿದೆ. ಹಲ್ಲು ನಿಜಕ್ಕೂ ತುಂಬಿತ್ತು. ಆದರೆ ಬದಿಯಲ್ಲಿ ಬ್ಯಾಸಿಗಿಯ ಎರೆ ಹೊಲದಂತೆ ಸಣ್ಣ ಸಣ್ಣ ಬಿರುಕು. ಅದು ತಯಾರಾಗಿ ಎಂಟು ವರ್ಷ ಮೀರಿತ್ತು. ಅದರಲ್ಲಿ ಬಹುಕಾಲ ಬಿಸಿಲಲ್ಲಿ ನಿಂತಲ್ಲೇ ನಿಂತಿತ್ತು.

ರಬ್ಬರು ಓಡಿ ಮಾತ್ರ ಹಳೆಯದಾಗುವುದಿಲ್ಲ, ನಿಂತೂ ಹಳೆಯದಾಗುತ್ತದೆ. ಬಿಸಿಲು, ಗಾಳಿಯಲ್ಲಿನ ಆಮ್ಲಜನಕ, ಓಜೋನ್ ಸೇರಿ ಅದರ ಮೆದುತನವನ್ನು ಹೀರುತ್ತವೆ. ಟೈರಿನ ವಯಸ್ಸು ತಿಳಿಯುವುದು ಸುಲಭ. ಬದಿಯಲ್ಲಿ ಡಿಓಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಂದ ನೋಡಿಸಬೇಕು. ಹತ್ತು ವರ್ಷ ತುಂಬಿದ್ದನ್ನು, ಸ್ಟೆಪ್ನಿ ಆಗಿ ಒಮ್ಮೆಯೂ ನೆಲ ಕಾಣದಿದ್ದರೂ, ತೆಗೆದು ಹಾಕಬೇಕು ಎಂದು ತಯಾರಕರೇ ಹೇಳುತ್ತಾರೆ. ನಮ್ಮ ಬಿಸಿಲಿಗೆ ನಾನು ಆರೇ ವರ್ಷ ಎನ್ನುತ್ತೇನೆ. ಹಳೆಯ ಕಾರು ಕೊಳ್ಳುವವರು ಎಂಜಿನ್ನಿನ ಸದ್ದು ಕೇಳುತ್ತಾರೆ, ಪೇಂಟು ನೋಡುತ್ತಾರೆ. ಈ ನಾಲ್ಕು ಅಂಕಿಯನ್ನು ಮೊದಲು ಓದಬೇಕು.

ಹೊಸ ಟೈರು ಕೊಳ್ಳುವಾಗಲೂ ಬದಿಯ ಬರಹವೇ ದಾರಿ ತೋರುವುದು. ಈಗಿನ ಸಾಮಾನ್ಯ ಕಾರೊಂದರ 165/80 ಆರ್ 14 85ಟಿ ಎಂಬ ಬರಹ ತೆಗೆದುಕೊಳ್ಳಿ. ಅಗಲ 165 ಮಿಲಿಮೀಟರು. ಬದಿಯ ಎತ್ತರ ಅಗಲದ 80 ಭಾಗ, ಅಂದರೆ 132 ಮಿಲಿಮೀಟರು. ಆರ್ ಎಂದರೆ ರೇಡಿಯಲ್. ಒಳಗಿನ ಡಿಸ್ಕು 14 ಇಂಚು. 85 ಎಂಬುದು ಭಾರದ ಸಂಕೇತ: ಆ ಒಂದು ಟೈರು 515 ಕಿಲೋ ಹೊರಬಲ್ಲದು. ಟಿ ಎಂದರೆ ಗಂಟೆಗೆ 190 ಕಿಲೋಮೀಟರು ವೇಗದ ಮಿತಿ. ಐಎಸ್‌ಐ ಗುರುತು ಇರಲೇಬೇಕು. ಕಾರಿನ ಟೈರಿಗೆ ಅದರ ಮಾನಕದ ಸಂಖ್ಯೆ ಐಎಸ್ 15633. ಭಾರದ ಸಂಕೇತ ಕಂಪನಿ ಕೊಟ್ಟದ್ದಕ್ಕಿಂತ ಕಡಿಮೆ ಇದ್ದರೆ ಎಷ್ಟೇ ಅಗ್ಗವಾದರೂ ಬೇಡ.

ಅಗಲದ ಆಸೆಯೂ ಬೇಡ. ಚೆಂದ ಕಾಣಲೆಂದು ದೊಡ್ಡ ಡಿಸ್ಕು, ಪಟ್ಟಿಯಂತೆ ತೆಳುವಾದ ಬದಿಯ ಟೈರು ಹಾಕಿಸುವ ಹುಡುಗರನ್ನು ಕಲಬುರಗಿಯಲ್ಲಿ ನೋಡುತ್ತೇನೆ. ಬದಿಯ ಎತ್ತರ ಕಡಿಮೆಯಾದಷ್ಟೂ ಗುಂಡಿಯ ಏಟು ನೇರ ಡಿಸ್ಕಿಗೆ ಹೋಗುತ್ತದೆ. ನಡುವೆ ಸಿಕ್ಕ ಟೈರಿನ ನೂಲು ಹರಿಯುತ್ತದೆ. ಆಮೇಲೆ ಬದಿಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಏಳುತ್ತದೆ. ಉಬ್ಬಿದ ಟೈರಿಗೆ ಮದ್ದಿಲ್ಲ, ಅದು ಯಾವ ಗಳಿಗೆಯಲ್ಲಾದರೂ ಒಡೆಯಬಹುದು. ನಮ್ಮ ಹಳ್ಳಿ ದಾರಿಗೆ ಕಂಪನಿ ಕೊಟ್ಟ ಎತ್ತರದ ಬದಿಯೇ ಲೇಸು. ನಾಲ್ಕೂ ಒಟ್ಟಿಗೆ ಕೊಳ್ಳಲಾಗದೆ ಎರಡೇ ಕೊಂಡರೆ ಹೊಸವನ್ನು ಹಿಂದಕ್ಕೆ ಹಾಕಿಸಬೇಕು. ಬಹಳ ಅಂಗಡಿಗಳಲ್ಲಿ ಮುಂದಕ್ಕೆ ಹಾಕುತ್ತಾರೆ. ಮಳೆಯಲ್ಲಿ ಮುಂದಿನ ಗಾಲಿ ಜಾರಿದರೆ ವೇಗ ಇಳಿಸಿ ಕಾರನ್ನು ಹಿಡಿತಕ್ಕೆ ತರಬಹುದು, ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ.

ಮೂರನೆಯ ತಾಲ್ಲೂಕು ಅಫಜಲಪುರ. ಮಹಾರಾಷ್ಟ್ರದಿಂದ ಇಳಿದು ಬರುವ ಭೀಮೆ ಈ ತಾಲ್ಲೂಕಿನ ಅಂಚಿನುದ್ದಕ್ಕೂ ಹರಿಯುತ್ತದೆ. ಸೊನ್ನದ ಹತ್ತಿರ ಅದಕ್ಕೆ ಬ್ಯಾರೇಜು. ಆಳಂದದ ಕಡೆಯಿಂದ ಬರುವ ಅಮರ್ಜಾ ಭೀಮೆಯನ್ನು ಕೂಡುವುದು ಗಾಣಗಾಪುರದಲ್ಲಿ. ಕಬ್ಬಿನ ಹಂಗಾಮಿನಲ್ಲಿ ಹಾವಳಗಾದ ಸಕ್ಕರೆ ಕಾರ್ಖಾನೆಯ ಕಡೆ ಎರಡೆರಡು ಟ್ರೇಲರ್ ಎಳೆದುಕೊಂಡು ಸಾಗುವ ಟ್ರ್ಯಾಕ್ಟರುಗಳ ಸಾಲು. ಆ ಭಾರಕ್ಕೆ ರಸ್ತೆಯಲ್ಲಿ ಎರಡು ಗಾಲಿಜಾಡು ಬಿದ್ದು, ಮಳೆ ಬಂದಾಗ ಅದರೊಳಗೆ ನೀರು ನಿಲ್ಲುತ್ತದೆ. ಸವೆದ ಟೈರಿನ ಕಾರು ಆ ನೀರಿನ ಮೇಲೆ ವೇಗದಲ್ಲಿ ಹೋದರೆ ರಬ್ಬರು ನೆಲ ಬಿಟ್ಟು ನೀರಿನ ಮೇಲೆ ತೇಲುತ್ತದೆ. ಸ್ಟೀರಿಂಗು ತಿರುಗಿಸಿದರೂ ಬ್ರೇಕು ಒತ್ತಿದರೂ ಕೇಳುವುದಿಲ್ಲ. ಹಲ್ಲುಗಳ ಕೆಲಸವೇ ನೀರನ್ನು ಪಕ್ಕಕ್ಕೆ ಹೊರದೂಡುವುದು. ಹಲ್ಲುಗಳ ನಡುವಿನ ಸಾಲುಗಳಲ್ಲಿ ಅಲ್ಲಲ್ಲಿ ಸಣ್ಣ ರಬ್ಬರಿನ ದಿಂಡು ಇರುತ್ತದೆ; ಬದಿಯ ಚಿಕ್ಕ ತ್ರಿಕೋನ ಅದರ ಜಾಗ ತೋರಿಸುತ್ತದೆ. ಹಲ್ಲು ಸವೆದು ಆ ದಿಂಡಿಗೆ ಸಮವಾದರೆ ಉಳಿದದ್ದು 1.6 ಮಿಲಿಮೀಟರು. ಕಾನೂನಿನ ಮಿತಿಯೂ ಅದೇ. ಆದರೆ ಮಳೆಗಾಲದ ಮೊದಲು 3 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಬದಲಿಸುವುದು ಜಾಣತನ.

2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಬಂದದ್ದು ಅಲ್ಲಿದ್ದ ಯಾರಿಗೂ ಮರೆಯುವಂಥದ್ದಲ್ಲ. ಉಜನಿ ಜಲಾಶಯದಿಂದ ಬಿಟ್ಟ ನೀರಿಗೆ ನಮ್ಮ ಮಳೆಯೂ ಸೇರಿ ಅಫಜಲಪುರ, ಜೇವರ್ಗಿಯ ನದಿದಂಡೆಯ ಊರುಗಳಿಗೆ ನೀರು ನುಗ್ಗಿತು. ಜನರನ್ನು ಕಾಳಜಿ ಕೇಂದ್ರಗಳಿಗೆ ಸಾಗಿಸಲಾಯಿತು. ಹೂವಿಗೆ ಬರುತ್ತಿದ್ದ ತೊಗರಿ, ಬಿಡಿಸಬೇಕಾಗಿದ್ದ ಹತ್ತಿ, ನಿಂತ ಕಬ್ಬು ನೀರಿನಲ್ಲಿ ಮುಳುಗಿದವು. ನೀರು ಇಳಿದ ಮೇಲೆ ಬೆಳೆಹಾನಿ ಸಮೀಕ್ಷೆಗೆ ನಾವು ಹೊರಟಾಗ ರಸ್ತೆಗಳ ಮೇಲೆ ನದಿ ಬಿಟ್ಟು ಹೋದ ಕರಿ ಗೋಡು ಹಾಸಿತ್ತು. ಎರೆಮಣ್ಣು ಹಸಿಯಾದರೆ ಟೈರಿನ ಹಲ್ಲುಗಳನ್ನು ಪೂರ್ತಿ ತುಂಬಿ ನುಣ್ಣಗೆ ಮಾಡಿಬಿಡುತ್ತದೆ. ಎಷ್ಟು ಹೊಸ ಟೈರಾದರೂ ಆಗ ಅದು ಬೋಳು ಟೈರೇ.

ಅಂಥ ದಾರಿಯಲ್ಲಿ ಎಕ್ಸಲೇಟರ್ ಒತ್ತಿದಷ್ಟೂ ಗಾಲಿ ಹೂಳುತ್ತದೆ. ಎರಡನೇ ಗೇರಿನಲ್ಲಿ ನಿಧಾನ, ಒಂದೇ ಸಮನೆ ಹೋಗಬೇಕು, ನಡುವೆ ನಿಲ್ಲಿಸಬಾರದು. ಸಿಕ್ಕಿಬಿದ್ದರೆ ಗಾಲಿಯ ಮುಂದೆ ತೊಗರಿ ಕಟ್ಟಿಗೆಯಲ್ಲ, ಜೋಳದ ಕಣಿಕೆಯನ್ನೋ ಗೋಣಿಚೀಲವನ್ನೋ ಹಾಸಬೇಕು. ಹವಾ ಸ್ವಲ್ಪ ಇಳಿಸಿ ಹೊರಬರುವುದೂ ಉಂಟು. ಹಾಗೆ ಮಾಡಿದವರು ಡಾಂಬರು ಸಿಕ್ಕ ಕೂಡಲೇ ಮತ್ತೆ ತುಂಬಿಸಲೇಬೇಕು. ಪಕ್ಕಾ ರಸ್ತೆಗೆ ಬಂದ ಮೇಲೆ ಹಲ್ಲಿನ ಮಣ್ಣು ಕಳಚುವ ತನಕ ವೇಗ ಹೆಚ್ಚಿಸದೆ, ಒಂದೆರಡು ಸಲ ಬ್ರೇಕು ಮೆಲ್ಲಗೆ ಒತ್ತಿ ನೋಡಿ ಮುಂದೆ ಹೋಗುತ್ತಿದ್ದೆವು. ಸಂಜೆ ತಿರುಗಿ ಬಂದ ಮೇಲೆ ಡಿಸ್ಕಿನ ಒಳಮೈಗೆ ನೀರು ಹೊಡೆದು ತೊಳೆಯುವುದು ತಪ್ಪುತ್ತಿರಲಿಲ್ಲ. ಅಲ್ಲಿ ಒಣಗಿದ ಮಣ್ಣು ಒಂದು ಕಡೆ ಭಾರವಾಗಿ ನಿಂತರೆ ಮರುದಿನ ಹೆದ್ದಾರಿಯಲ್ಲಿ ಸ್ಟೀರಿಂಗು ನಡುಗುತ್ತದೆ.

ಅದೇ 2020ರಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ಬದಲಿಸಿತು. ಟ್ಯೂಬ್‌ಲೆಸ್ ಟೈರು, ಹವಾದ ಒತ್ತಡ ತೋರಿಸುವ ವ್ಯವಸ್ಥೆ ಮತ್ತು ಪಂಚರ್ ಹಚ್ಚುವ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದಾಯಿತು. ದೊಡ್ಡ ನಗರಗಳಿಗೆ ಅದು ಸರಿಯಿರಬಹುದು. ಕಿಟ್ಟಿನ ಬತ್ತಿ ಮೊಳೆ ಚುಚ್ಚಿದ ತೂತನ್ನು ಮುಚ್ಚುತ್ತದೆ, ಖಡಿ ಸೀಳಿದ ಬದಿಯನ್ನಲ್ಲ. ರಾತ್ರಿ ಕರಜಗಿಯಿಂದಲೋ ಯಡ್ರಾಮಿಯಿಂದಲೋ ಹೊರಟ ಕಾರಿನ ಬದಿ ಸೀಳಿದರೆ ನೆರವಿಗೆ ಬರುವವರು ಎಷ್ಟು ದೂರ ಎಂಬುದು ಆ ದಾರಿಯಲ್ಲಿ ಓಡಾಡಿದವರಿಗೆ ಗೊತ್ತು. ನಮ್ಮ ಕಡೆ ಕಾರಿಗೆ ಐದು ಟೈರು ಎಂದೇ ಲೆಕ್ಕ. ಐದನೆಯದಕ್ಕೂ ಹವಾ, ಐದನೆಯದಕ್ಕೂ ವಯಸ್ಸು. ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಗಾಲಿಗಳ ಜಾಗ ಬದಲಿಸುವಾಗ, ಅಳತೆ ಒಂದೇ ಇದ್ದರೆ, ಐದನೆಯದನ್ನೂ ಸರದಿಗೆ ಸೇರಿಸಿಕೊಳ್ಳಬೇಕು. ಟೈರು ಒಂದು ಬದಿಯೇ ಸವೆಯುತ್ತಿದ್ದರೆ ಅಲೈನ್‌ಮೆಂಟು ಕೆಟ್ಟಿದೆ. ಎರಡೂ ಅಂಚು ಸವೆದರೆ ಹವಾ ಕಡಿಮೆ. ನಡುವೆ ಸವೆದರೆ ಹವಾ ಹೆಚ್ಚು. ಎಲೆ ನೋಡಿ ಬೆಳೆಯ ರೋಗ ಹೇಳುವವರಿಗೆ ಇದು ಕಷ್ಟದ ಓದಲ್ಲ.

ಇಷ್ಟನ್ನೂ ಬರೆಯಲು ನನ್ನನ್ನು ಒತ್ತಾಯಿಸಿದ್ದು ಸ್ವಂತ ಕಾರು ಇರುವವರ ಚಿಂತೆ ಮಾತ್ರವಲ್ಲ. ನಮ್ಮ ಮೂರೂ ತಾಲ್ಲೂಕಿನಲ್ಲಿ ಹೆಚ್ಚಿನ ಜನ ಹೋಗುವುದು ಬೇರೆಯವರ ಗಾಡಿಯಲ್ಲಿ: ಕ್ರೂಸರು, ಟಂಟಂ, ಬಾಡಿಗೆ ಜೀಪು. ತೊಗರಿ ಕೊಯ್ಲಿಗೆ, ಕಬ್ಬು ಕಡಿಯಲು ಹೋಗುವ ತಾಂಡಾದ ಹೆಣ್ಣುಮಕ್ಕಳು, ಹುಣ್ಣಿಮೆಗೆ ಗಾಣಗಾಪುರಕ್ಕೆ ಹೊರಟವರು, ಆಳಂದದ ಲಾಡ್ಲೆ ಮಶಾಕರ ಉರುಸಿಗೆ ಬರುವವರು ಒಂದೊಂದು ಗಾಡಿಯಲ್ಲಿ ಎಷ್ಟು ಜನ ತುಂಬಿರುತ್ತಾರೆಂಬುದನ್ನು ನಾವೆಲ್ಲ ನೋಡಿದ್ದೇವೆ. ಆ ಗಾಡಿಗಳ ಟೈರು ಬಹಳ ಸಲ ಬೋಳು ಅಥವಾ ರಿಮೋಲ್ಡ್. ರಿಮೋಲ್ಡ್ ಎಂದರೆ ಸವೆದ ಟೈರಿನ ಮೇಲೆ ಹೊಸ ರಬ್ಬರು ಹಾಕಿದ್ದು. ಒಳಗಿನ ಮೈ ಗಟ್ಟಿಯಿದ್ದು ಸರಿಯಾಗಿ ಮಾಡಿದರೆ ಲಾರಿ, ಬಸ್ಸುಗಳ ಹಿಂದಿನ ಗಾಲಿಗೆ ಅದು ಒಳ್ಳೆಯ ಉಳಿತಾಯ. ಆದರೆ ಯಾರ ಕೈಯಲ್ಲಿ ಎಷ್ಟು ಸವೆದಿತ್ತೋ ತಿಳಿಯದ ಟೈರಿಗೆ ಮೇಲೊಂದು ಪದರ ಹಚ್ಚಿ, ಮುಂದಿನ ಗಾಲಿಗೆ ಹಾಕಿ, ಹದಿನೈದು ಜನರನ್ನು ಕೂರಿಸಿಕೊಂಡು ಬಿಸಿಲ ಹೆದ್ದಾರಿಗೆ ಇಳಿಯುವುದು ಬೇರೆಯೇ ಮಾತು.

ಚಾಲಕರನ್ನು ಬೈದು ಪ್ರಯೋಜನವಿಲ್ಲ. ಸಾಲ ಮಾಡಿ ಗಾಡಿ ಕೊಂಡವನಿಗೆ ನಾಲ್ಕು ಹೊಸ ಟೈರಿನ ಬೆಲೆ ದೊಡ್ಡ ಹೊರೆ. ಕಂತು ಕಟ್ಟಬೇಕೋ ಟೈರು ಹಾಕಿಸಬೇಕೋ ಎಂಬ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಹವಾ ನೋಡುವುದಕ್ಕೆ ಹೆಚ್ಚು ದುಡ್ಡು ಬೇಕಿಲ್ಲ. ಮೀಟರಿನ ಬೆಲೆ ಒಂದು ದಿನದ ಕೂಲಿಗಿಂತ ಹೆಚ್ಚಲ್ಲ. ಸರಿಯಾದ ಹವಾ ಇದ್ದರೆ ಇರುವ ಟೈರೇ ಹೆಚ್ಚು ದಿನ ಬಾಳುತ್ತದೆ, ಎಣ್ಣೆಯೂ ಉಳಿಯುತ್ತದೆ. ಪೆಟ್ರೋಲ್ ಬಂಕಿನಲ್ಲಿ ಹವಾ ಉಚಿತವಾಗಿ ಸಿಗಬೇಕೆಂಬುದು ನಿಯಮ. ಯಂತ್ರ ಕೆಟ್ಟಿದೆ ಎಂದರೆ ಯಾವಾಗ ರಿಪೇರಿ ಆಗುತ್ತದೆಂದು ಕೇಳಲು ನಮಗೆ ಹಕ್ಕಿದೆ.

ನಿವೃತ್ತಿಯ ನಂತರ ಸ್ವಸಹಾಯ ಸಂಘದ ಹೆಣ್ಣುಮಕ್ಕಳ ಜೊತೆ ಮಾತಾಡಲು ಹಳ್ಳಿಗಳಿಗೆ ಈಗಲೂ ಹೋಗುತ್ತೇನೆ. ಬೀಜೋಪಚಾರದ ಮಾತು ಮುಗಿದ ಮೇಲೆ ಇನ್ನೊಂದು ಮಾತು ಸೇರಿಸುತ್ತೇನೆ. ಕೂಲಿಗೋ ಜಾತ್ರೆಗೋ ಗಾಡಿ ಗೊತ್ತು ಮಾಡುವವರು ನೀವು, ದುಡ್ಡು ಕೊಡುವವರು ನೀವು. ಹತ್ತುವ ಮೊದಲು ಬಗ್ಗಿ ನಾಲ್ಕೂ ಗಾಲಿ ನೋಡಿರಿ. ಹಲ್ಲು ಇದೆಯೇ, ಬದಿಯಲ್ಲಿ ಬಿರುಕು ಉಬ್ಬು ಇದೆಯೇ, ಯಾವುದಾದರೂ ಒಂದು ಕುಗ್ಗಿ ಕೂತಿದೆಯೇ, ಸ್ಟೆಪ್ನಿ ಇದೆಯೇ. ಸಂಶಯ ಬಂದರೆ ಕೇಳಿರಿ. ಹವಾ ಹಾಕಿಸಿಕೊಂಡು ಬಾ ತಮ್ಮಾ, ನಾವು ಇಲ್ಲೇ ಕಾಯುತ್ತೇವೆ ಎನ್ನಿರಿ. ಮೊದಮೊದಲು ಅವರು ನಾಚಿಕೊಳ್ಳುತ್ತಿದ್ದರು. ಈಗ ಒಂದೆರಡು ಊರಿನಲ್ಲಿ ಸಂಘದವರೇ ದುಡ್ಡು ಕೂಡಿಸಿ ಮೀಟರು ಕೊಂಡಿದ್ದಾರೆ, ಗಾಡಿ ಬಂದೊಡನೆ ಒಬ್ಬ ಹುಡುಗಿ ಅದನ್ನು ಹಿಡಿದು ನೋಡುತ್ತಾಳೆ. ಚಾಲಕರೂ ಒಗ್ಗಿಕೊಂಡಿದ್ದಾರೆ. ಹೀಗೆ ಕೇಳುವ ಊರು ಹೆಚ್ಚಿದಷ್ಟೂ ಬೋಳು ಟೈರಿನ ಗಾಡಿಗೆ ಬಾಡಿಗೆ ಸಿಗುವುದು ಕಷ್ಟವಾಗುತ್ತದೆ. ಆ ದಿನ ಬೇಗ ಬರಲಿ ಎಂಬುದೇ ನನ್ನ ಆಸೆ.